ಆರು ಗಂಟೆಯ ಲೊಂಚೆ

ಬ್ರೆನ್ಯಾ, ಲಿಮಾ
ಆಗಸ್ಟ್ 18, ಭಾನುವಾರ, ಪಾತ್ರೆ ತೊಳೆಯುವುದಕ್ಕೆ ಮೊದಲು

ನನ್ನ ಮುದ್ದು ಸೊಯ್ಲಾ,

ಅಮ್ಮ ಈರುಳ್ಳಿ ಹೆಚ್ಚುವಾಗ ಗುನುಗುತ್ತಿದ್ದ ಸಾಲು ನಿನಗೆ ಸರಿಯಾಗಿ ನೆನಪಿದೆಯೇ? ‘ಅಳುವುದು ನಾನಲ್ಲ, ಈರುಳ್ಳಿ’ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ. ಇವತ್ತು ಅನುಮಾನ ಹುಟ್ಟಿದೆ. ‘ಅಳುವುದು ಈರುಳ್ಳಿಯಲ್ಲ, ನಾನು’ ಎಂದಿತ್ತೇನೋ. ಎರಡನ್ನೂ ಹಾಡಿ ನೋಡಿದೆ, ಎರಡೂ ರಾಗಕ್ಕೆ ಕೂರುತ್ತವೆ. ಅರ್ಥ ಮಾತ್ರ ತಲೆಕೆಳಗಾಗುತ್ತದೆ. ಅಮ್ಮನನ್ನು ಕೇಳೋಣವೆಂದರೆ ಅವಳಿಲ್ಲ. ನೀನಾದರೂ ನೆನಪು ಮಾಡಿಕೊಂಡು ತಿಳಿಸು.

ನಿನ್ನ ಮೊಣಕಾಲು ಹೇಗಿದೆ? ಮೊಂತೆರ್ರೇಯ ಆ ಸೆಖೆಯಲ್ಲಿ ನೀರು ಸರಿಯಾಗಿ ಕುಡಿಯುತ್ತಿದ್ದೀಯಾ? ನಾನು ಚೆನ್ನಾಗಿದ್ದೇನೆ. ಇಲ್ಲಿ ಒಗೆದ ಬಟ್ಟೆ ಒಣಗದೆ ಒಂದು ವಾರವಾಯಿತು, ನನ್ನ ಕೂದಲು ಅರ್ಧ ಕಪ್ಪು ಅರ್ಧ ಇಟ್ಟಿಗೆ ಬಣ್ಣವಾಗಿದೆ. ಅದು ಯಾಕೆಂದು ಮುಂದೆ ಹೇಳುತ್ತೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ‘ಆಮೇಲೆ? ಆಮೇಲೆ?’ ಎಂದು ನಡುವೆ ಪ್ರಾಣ ತಿನ್ನುತ್ತೀಯ, ನಾನು ನೇರವಾಗಿ ಕೊನೆಗೆ ಹಾರುತ್ತೇನೆ. ಇದರ ಕೊನೆ ಏನೆಂದು ನನಗೇ ಗೊತ್ತಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ನಾಳೆ ದೋನ್ಯಾ ಕೂಕಾ ವಿಮಾನ ಹತ್ತುವ ಮೊದಲು ಇದನ್ನು ಅವರ ಕೈಯಲ್ಲೇ ಕೊಟ್ಟು ಕಳಿಸಬೇಕೆಂದಿದ್ದೇನೆ, ಇನ್ನು ಮುಂದೆ ಅವರು ನನ್ನ ಕೈಯಿಂದ ಏನನ್ನಾದರೂ ತೆಗೆದುಕೊಳ್ಳುವುದಾದರೆ.

ನೀನು ಬರೆದದ್ದೆಲ್ಲ ನನಗೆ ಬಾಯಿಪಾಠವಾಗಿತ್ತು. ನಿನ್ನ ಲಿಬೋರಿಯೊ ತಾಯಿಯಿಲ್ಲದೆ ಬೆಳೆದವರು, ಸಾಕಿದವರು ಈ ಅಕ್ಕ ಕೂಕಾ, ಐವತ್ತಾದರೂ ಅಕ್ಕನನ್ನು ಕೇಳದೆ ಒಂದು ಅಂಗಿಯನ್ನೂ ಕೊಳ್ಳುವುದಿಲ್ಲ. ಅಕ್ಕ ಗಂಡನೊಡನೆ ಲಿಮಾಕ್ಕೆ ಬರುತ್ತಾರೆ, ನಮ್ಮ ಮನೆ ನೋಡುತ್ತಾರೆ, ಅವರು ಹೂಂ ಎಂದರೆ ನಿಮ್ಮಿಬ್ಬರ ಮದುವೆ, ಇಲ್ಲವೆಂದರೆ ಇಲ್ಲ. ಹಿಂದೆ ಒಬ್ಬ ಹುಡುಗಿಯ ಮನೆಯಲ್ಲಿ ಅಂಗಡಿಯಿಂದ ತಂದ ರೊಟ್ಟಿ ಬಡಿಸಿದರೆಂದು ಎದ್ದು ಬಂದಿದ್ದರಂತೆ. ಇಷ್ಟನ್ನು ನಾನು ಸಹಿಸಬಲ್ಲೆ. ಆದರೆ ಮಹರಾಯ್ತಿ, ‘ನಮ್ಮಕ್ಕ ಮಿರಾಫ್ಲೋರೆಸ್‌ನ ದೊಡ್ಡ ಹೋಟೆಲುಗಳಿಗಿಂತ ಚೆನ್ನಾಗಿ ಅಡುಗೆ ಮಾಡುತ್ತಾಳೆ’ ಎಂದು ಅವರಿಗೆ ಹೇಳು ಎಂದು ನಿನಗೆ ಹೇಳಿದವರು ಯಾರು?

ಪೂರ್ತಿ ಸುಳ್ಳಲ್ಲ, ಒಪ್ಪುತ್ತೇನೆ. ನಮ್ಮಿಬ್ಬರ ನಾಲಿಗೆಯನ್ನು ಅಮ್ಮ ಕೆಡಿಸಿಟ್ಟು ಹೋಗಿದ್ದಾಳೆ. ನನ್ನ ಈ ಮೇಷ್ಟರಿಕೆಯ ಸಂಬಳದಲ್ಲಿ ಆ ನಾಲಿಗೆಯನ್ನು ಸಾಕುವುದು ಹೇಗೆಂದು ನಾನೂ ಕಲಿತಿದ್ದೇನೆ. ಸಂತೆ ಮುಗಿಯುವ ಹೊತ್ತಿಗೆ ಹೋಗಿ ಮೀನಿನ ತಲೆ ತರುತ್ತೇನೆ, ಕೊತ್ತಂಬರಿಗೆ ಕೊಸರು ಕೇಳುತ್ತೇನೆ, ಕೋಳಿಯ ಕತ್ತನ್ನು ಸಣ್ಣ ಉರಿಯಲ್ಲಿ ಅದು ಒಳಗಿನದನ್ನೆಲ್ಲ ಬಿಟ್ಟುಕೊಡುವ ತನಕ ಕುದಿಸುತ್ತೇನೆ. ಭಾನುವಾರ ಅಮ್ಮನ ಕಸೂತಿ ಬಟ್ಟೆ ಹಾಸಿ, ಉಪ್ಪಿನ ಡಬ್ಬಿಗೆ ಕವನದ ಪುಸ್ತಕ ಒರಗಿಸಿ, ಒಬ್ಬಳೇ ರಾಣಿಯಂತೆ ಉಣ್ಣುತ್ತೇನೆ. ಒಬ್ಬಳು ರಾಣಿಗೆ ಇದು ಸಾಕು. ಮೂರು ಜನಕ್ಕೆ, ಅದೂ ಜುಲೈನ ಸ್ವಾತಂತ್ರ್ಯದ ಹಬ್ಬದಲ್ಲಿ ಕೈ ಖಾಲಿಯಾದ ಮೇಲಿನ ಆಗಸ್ಟಿನಲ್ಲಿ, ಎಲ್ಲಿಂದ ತರಲಿ? ಅದಕ್ಕೇ ಜಾಣತನ ಮಾಡಿದೆ. ಅವರ ಹೋಟೆಲಿಗೆ ಫೋನು ಮಾಡಿ, ‘ಭಾನುವಾರ ಲೊಂಚೆಗೆ ಬನ್ನಿ’ ಎಂದೆ. ಲೊಂಚೆಗಿಂತ ಮರ್ಯಾದೆಯ, ಲೊಂಚೆಗಿಂತ ಅಗ್ಗದ ಉಪಚಾರ ಈ ಊರಿನಲ್ಲಿ ಬೇರೆ ಯಾವುದಿದೆ, ಹೇಳು. ಸಂಜೆ ಆರಕ್ಕೆ ಬಿಸಿ ಚಹಾ, ಕೋಳಿ ತುಂಬಿದ ಬನ್ನು, ಒಂದಿಷ್ಟು ಆಲಿವ್ ಕಾಯಿ, ಬೆಣ್ಣೆಹಣ್ಣು, ಕಿತ್ತಳೆಯ ಕೇಕು. ಗಂಟೆ ಎಷ್ಟೆಂದು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಲೊಂಚೆ ಎಷ್ಟು ಹೊತ್ತಿಗೆ ಎಂದು ಲಿಮಾದಲ್ಲಿ ಹುಟ್ಟಿದವರು ಯಾರಾದರೂ ಕೇಳುತ್ತಾರೆಯೇ?

ಇವತ್ತು ಹನ್ನೆರಡು ಗಂಟೆಗೆ ನಾನು ತಲೆಗೆ ಬಣ್ಣ ಬಳಿದುಕೊಂಡು, ಅದರ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಅಪ್ಪನ ಹಳೇ ಸ್ವೆಟರಿನಲ್ಲಿ ಕೂತು ಓದುತ್ತಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮೆಲ್ಚೋರಾ ಇರಬೇಕೆಂದು ಹಾಗೇ ಹೋಗಿ ತೆಗೆದೆ. ಎದುರಿಗೆ ಹಾಲಿನ ಮಿಠಾಯಿಯ ಡಬ್ಬಿ ಹಿಡಿದ, ನೆಟ್ಟಗೆ ನಿಂತ ಹೆಂಗಸು. ಅವರ ಬೆನ್ನಿಗೆ ಟೋಪಿ ಕೈಯಲ್ಲಿ ಹಿಡಿದ ಅವರ ಗಂಡ ದೋನ್ ಎವಾರಿಸ್ತೊ. ‘ಲೊಂಚೆಗೆ ಕರದಿದ್ರೆಲ್ಲ, ಬಂದೇವ್ರಿ’ ಎಂದರು ದೋನ್ಯಾ ಕೂಕಾ. ‘ಮಿರಾಫ್ಲೋರೆಸ್‌ಗಿಂತ ಭಾರಿ ಅಡಿಗಿ ಅಂತ ನಿಮ್ಮ ತಂಗಿ ಹೇಳ್ಯಾಳ. ಅದಕ್ಕ ಮುಂಜಾನೆ ಹೋಟೆಲ್‌ನಾಗ ಒಂದು ತುತ್ತೂ ಮುಟ್ಟಿಲ್ಲ.’

ಆ ಕ್ಷಣ ನನಗೆ ಹೊಳೆಯಿತು, ಸೊಯ್ಲಾ. ನೀನೇ ಒಮ್ಮೆ ಬರೆದಿದ್ದೆಯಲ್ಲ, ಮೊಂತೆರ್ರೇಯ ಜನ ಮಧ್ಯಾಹ್ನದ ಬುತ್ತಿಗೆ ಲೊಂಚೆ ಅನ್ನುತ್ತಾರೆ ಎಂದು. ಓದಿ ನಕ್ಕಿದ್ದೆ. ಈಗ ಆ ನಗುವೇ ಹಸಿದುಕೊಂಡು ಬಾಗಿಲಲ್ಲಿ ನಿಂತಿತ್ತು. ‘ಅಯ್ಯೋ, ನಮ್ಮಲ್ಲಿ ಲೊಂಚೆ ಎಂದರೆ ಸಂಜೆಯದು’ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಹಸಿದು ಬಂದವರನ್ನು ಆರು ಗಂಟೆ ಕಾಯಿಸುವುದು ಹೇಗೆ? ಅದೂ ನಿನ್ನ ನಾದಿನಿಯಾಗಬೇಕಾದವರನ್ನು? ‘ಬನ್ನಿ ಬನ್ನಿ, ನಿಮಗೋಸ್ಕರವೇ ಕಾಯ್ತಾ ಇದ್ದೆ’ ಎಂದೆ. ಅವರು ನನ್ನ ತಲೆಯ ಮೇಲಿನ ಚೀಲವನ್ನು ನೋಡಿ, ‘ಹೌದ್ರಿ, ಕಾಣಸಾಕತ್ತೈತಿ’ ಎಂದರು.

ಆಲಿವ್ ಕಾಯಿಯ ಬಟ್ಟಲನ್ನು ಅವರ ಮುಂದಿಟ್ಟು ಅಡುಗೆಮನೆಗೆ ಓಡಿದೆ. ನಮ್ಮ ಕಿಟಕಿಯಿಂದ ಮೆಲ್ಚೋರಾಳ ಕಿಟಕಿಗೆ ಒಂದು ತೋಳಿನಷ್ಟು ದೂರ, ನಿನಗೆ ಗೊತ್ತು. ಹಳದಿ ಆಲೂಗೆಡ್ಡೆ ಇದೆಯಾ ಎಂದು ಪಿಸುಗುಟ್ಟಿದೆ. ಪಿಸುಮಾತಿಗೆ ಪಿಸುಮಾತಿನಲ್ಲೇ ಉತ್ತರ ಕೊಡುವ ಅಭ್ಯಾಸ ಅವಳಿಗೆ ಯಾವತ್ತಿತ್ತು? ‘ಯಾಕೇ ನೇಲಿ, ಸಂಜೆಗೆ ಬರೋರು ಈಗ್ಲೇ ವಕ್ಕರಿಸಿದ್ರಾ?’ ಎಂದು ಗಲ್ಲಿಗೆಲ್ಲ ಕೇಳುವಂತೆ ಕೂಗಿದಳು. ‘ಬೇಯ್ಸಿರೋದೇ ಇದೆ, ತಗೋ. ಈರುಳ್ಳೀನೂ ಸುಲಿದು ನೀರಲ್ಲಿ ಹಾಕಿಟ್ಟಿದೀನಿ, ಇದೂ ಇರ್ಲಿ. ತಲೆ ತೊಳ್ಕೊಳೇ ಮೊದ್ಲು, ಮಾರಾಯ್ತಿ!’ ನಲ್ಲಿಯ ಕೆಳಗೆ ತಲೆ ಹಿಡಿದೆ. ಅದರ ಫಲವೇ ಈ ಇಟ್ಟಿಗೆ ಬಣ್ಣ.

ಆಮೇಲೆ ಸಂಜೆಯ ಲೊಂಚೆಯನ್ನು ಮಧ್ಯಾಹ್ನದ ಊಟ ಮಾಡಲು ಕೂತೆ. ಬನ್ನುಗಳನ್ನೆಲ್ಲ ಮುರಿದು ಚಹಾಕ್ಕೆಂದು ಇಟ್ಟಿದ್ದ ಡಬ್ಬಿ ಹಾಲಿನಲ್ಲಿ ನೆನೆಸಿದೆ. ಬನ್ನಿಗೆ ತುಂಬಲು ಬೇಯಿಸಿದ್ದ ಒಂದೇ ಒಂದು ಕೋಳಿಯ ಎದೆಯನ್ನು ದಾರದಂತೆ ಎಳೆ ಎಳೆಯಾಗಿ ಬಿಡಿಸಿದೆ; ಎಳೆ ಸಣ್ಣದಾದಷ್ಟೂ ಕೋಳಿ ದೊಡ್ಡದಾಗುತ್ತದೆ. ಹಳದಿ ಮೆಣಸಿನಕಾಯಿಯನ್ನು ನಿಧಾನವಾಗಿ ಹುರಿದು, ಬನ್ನು ಸೇರಿಸಿ, ಕೋಳಿ ಬೆಂದ ನೀರು ಹೊಯ್ದು ತಿರುವಿದೆ. ಅಮ್ಮನ ಆಹಿ ದೆ ಗಾಯಿನಾ, ಹೆಸರಿನಲ್ಲಿ ಹೇಂಟೆ, ಒಳಗೆಲ್ಲ ಬ್ರೆಡ್ಡು. ಆಲೂಗೆಡ್ಡೆಯನ್ನು ನುಣ್ಣಗೆ ಹಿಸುಕಿ, ನಿಂಬೆರಸ ಹಿಂಡಿ, ನಡುವೆ ಬೆಣ್ಣೆಹಣ್ಣು ಮತ್ತು ಡಬ್ಬಿಯ ಮೀನು ಇಟ್ಟು ಕೌಸಾ ಕಟ್ಟಿದೆ. ಇದ್ದದ್ದು ಇಷ್ಟೇ ಇಷ್ಟು. ಆದ್ದರಿಂದ ಅಮ್ಮನ ಅತಿ ದೊಡ್ಡ ತಟ್ಟೆಗಳನ್ನು ತೆಗೆದು, ತಟ್ಟೆಯ ನಡುಮಧ್ಯೆ ಒಂದು ಪುಟ್ಟ ಗುಡ್ಡ, ಸುತ್ತ ನಾಲ್ಕು ಹನಿ ಹಸಿರು ಎಣ್ಣೆ, ಮೇಲೊಂದು ಎಲೆ ಇಟ್ಟೆ. ಮಿರಾಫ್ಲೋರೆಸ್‌ನವರೂ ಮಾಡುವುದು ಇಷ್ಟೇ ಅಲ್ಲವೇ? ಅವರು ಬೇಕೆಂದು ಕಮ್ಮಿ ಹಾಕುತ್ತಾರೆ, ನಾನು ಬೇರೆ ದಾರಿಯಿಲ್ಲದೆ ಹಾಕಿದೆ. ದೋನ್ ಎವಾರಿಸ್ತೊ ತಟ್ಟೆಯನ್ನು ಸ್ವಲ್ಪ ಹೊತ್ತು ನೋಡಿ ಹೆಂಡತಿಯ ಕಡೆ ತಿರುಗಿದರು. ‘ಇದು ರುಚಿ ನೋಡಾಕನ, ಉಣ್ಣಾಕನ?’ ಎಂದರು. ‘ಸುಮ್ಮನಿರ್ರಿ, ಮಾನ ಕಳೀಬ್ಯಾಡ್ರಿ. ದೊಡ್ಡ ಊರಾಗ ಹಿಂಗ’ ಎಂದರು ದೋನ್ಯಾ ಕೂಕಾ. ಆದರೆ ಗುಡ್ಡ ಒಂದೇ ಗಳಿಗೆಯಲ್ಲಿ ನೆಲಸಮವಾಯಿತು, ಅವರೂ ತಟ್ಟೆಯನ್ನು ಬೆರಳಿನಿಂದ ಬಳಿದದ್ದನ್ನು ನಾನು ಕಂಡೆ. ಇಲ್ಲಿಯವರೆಗೆ ನಿನ್ನ ಮದುವೆ ಸುಖವಾಗಿತ್ತು.

ಎರಡನೆಯದನ್ನು, ಆ ಕೋಳಿಯನ್ನು, ಬಡಿಸುವ ಮೊದಲು ದೋನ್ಯಾ ಕೂಕಾ ಅಡುಗೆಮನೆಗೆ ಬಂದುಬಿಟ್ಟರು. ಪಾತ್ರೆಯೊಳಗೆ ಬಗ್ಗಿ ನೋಡಿದರು. ಕರಗದೆ ಉಳಿದ ಬನ್ನಿನ ಒಂದು ತುಂಡು ನೇರ ಅವರ ಮುಖವನ್ನೇ ನೋಡುತ್ತ ತೇಲುತ್ತಿತ್ತು. ಅಂಗಡಿಯ ಬನ್ನು! ಅವರು ಮೊಳೆಗೆ ನೇತುಹಾಕಿದ್ದ ಅಮ್ಮನ ಏಪ್ರನ್ ತೆಗೆದು ಕಟ್ಟಿಕೊಂಡು, ‘ಉಳ್ಳಾಗಡ್ಡಿ ಇತ್ತ ಕೊಡ್ರಿ’ ಎಂದರು. ಹೆಚ್ಚುತ್ತ ಹೆಚ್ಚುತ್ತ ಅವರ ಕಣ್ಣಲ್ಲಿ ನೀರು ಸುರಿಯಿತು. ‘ನಿಮ್ಮೂರ ಉಳ್ಳಾಗಡ್ಡಿ ಭಾಳ ಜೋರ್ ಐತ್ರಿ’ ಎಂದರು. ಸೊಯ್ಲಾ, ಅದು ಮೆಲ್ಚೋರಾ ಬೆಳಗಿನಿಂದ ನೀರಿನಲ್ಲಿ ಮುಳುಗಿಸಿಟ್ಟಿದ್ದ ಈರುಳ್ಳಿ. ಒಂದು ನೊಣವನ್ನು ಅಳಿಸುವ ಶಕ್ತಿಯೂ ಅದರಲ್ಲಿ ಉಳಿದಿರಲಿಲ್ಲ.

‘ನಮ್ಮ ಲಿಬೋರಿಯೊಗ ಉಳ್ಳಾಗಡ್ಡಿ ಆಗಂಗಿಲ್ರಿ’ ಎಂದು ಅವರೇ ಮಾತು ತೆಗೆದರು. ‘ಸಣ್ಣಾಂವ ಇದ್ದಾಗಿಂದ ಅವನ ತಾಟಿನಾಗಿಂದ ಒಂದೊಂದ ಎಸಳು ಆರಿಸಿ ನಾನ ತಗೀತಿದ್ದೆ. ಈಗೂ ನಮ್ಮ ಮನಿಗೆ ಬಂದ್ರ ತಗೀತೇನಿ. ನಿಮ್ಮ ತಂಗೀಗೆ ಇದನ್ನ ಹೇಳಿಲ್ಲ. ಹೇಳಿಬಿಟ್ರ ನನಗ ಇನ್ನೇನು ಕೆಲಸ ಉಳೀತೈತ್ರಿ?’ ಹೀಗೆ ಹೇಳಿ ಮೂಗು ಒರೆಸಿಕೊಂಡರು. ನಾನು ಆಗ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಕವಿತೆ ಓದುವವಳಿಗೆ ಮೌನದ ಬೆಲೆ ಗೊತ್ತಿರಬೇಕು ಎನ್ನುತ್ತಾರೆ. ನನಗೆ ಗೊತ್ತಿಲ್ಲ ಎಂದು ಇವತ್ತು ರುಜುವಾತಾಯಿತು. ‘ಆಗಲ್ವಾ? ಸೊಯ್ಲಾ ಪ್ರತಿ ಭಾನುವಾರ ಈರುಳ್ಳಿ ಸಾರು ಮಾಡ್ತಾಳಂತಲ್ಲ, ಅವರು ಬಟ್ಟಲು ನೆಕ್ಕಿ ಇನ್ನೊಂದು ಸಲ ಹಾಕಿಸ್ಕೋತಾರೆ ಅಂತ ಬರ್ದಿದ್ಲು!’ ಎಂದುಬಿಟ್ಟೆ.

ಚಾಕು ನಿಂತಿತು. ಅವರು ನನ್ನ ಮುಖ ನೋಡಿದರು. ‘ಪ್ರತಿ ಐತವಾರ?’ ಎಂದರು. ಹೂಂ ಎಂದೆ. ‘ಇನ್ನೊಮ್ಮೆ ಹಾಕಿಸ್ಕೋತಾನ?’ ಹೂಂ ಎಂದೆ. ಅಷ್ಟೇ. ಉಳಿದ ಈರುಳ್ಳಿಯನ್ನು ಹೆಚ್ಚಿ ಮುಗಿಸಿ, ಕೈ ತೊಳೆದು, ಹೋಗಿ ಕುರ್ಚಿಯಲ್ಲಿ ಕೂತರು. ನಾನು ಕೋಳಿ ಬಡಿಸಿದೆ, ಕೇಕು ಕೊಯ್ದೆ. ದೋನ್ ಎವಾರಿಸ್ತೊ ಕೋಳಿಯನ್ನು ಹೊಗಳಿದರು, ಕೇಕನ್ನು ಹೊಗಳಿದರು, ಗೋಡೆಯ ಮೇಲಿನ ಅಪ್ಪನ ಫೋಟೋವನ್ನೂ ಹೊಗಳಿದರು, ಪಾಪ. ದೋನ್ಯಾ ಕೂಕಾ ಮಾತ್ರ ತಟ್ಟೆ ಖಾಲಿ ಮಾಡಿ, ಕೈವಸ್ತ್ರವನ್ನು ಚೌಕವಾಗಿ ಮಡಿಸಿಟ್ಟು, ‘ಬರ್ತೇವ್ರಿ’ ಎಂದು ಎದ್ದರು. ಹೂಂ ಇಲ್ಲ, ಉಹೂಂ ಇಲ್ಲ. ಗಲ್ಲಿಯ ತುದಿಯಲ್ಲಿ ಮೆಲ್ಚೋರಾ ಅವರನ್ನು ತಡೆದು ಮಾತಿಗೆಳೆದದ್ದು ಕಂಡಿತು. ನೋಡುವ ಧೈರ್ಯ ಸಾಲದೆ ಬಾಗಿಲು ಹಾಕಿಕೊಂಡೆ.

ತಂಗೀ, ನಿನ್ನ ಮದುವೆಯನ್ನು ನಾನೇ ಈರುಳ್ಳಿಯ ಜೊತೆ ಹೆಚ್ಚಿ ಹಾಕಿದೆನೋ ಏನೋ. ಸಾಕಿದ ಅಕ್ಕನಿಗೂ ತಿಳಿಯದಂತೆ, ನಿನ್ನ ಮನಸ್ಸು ನೋಯದಿರಲೆಂದು, ಆಗದ ಈರುಳ್ಳಿಯನ್ನು ಭಾನುವಾರ ಭಾನುವಾರ ನುಂಗುವ ಗಂಡಸು ನಿನಗೆ ಸಿಕ್ಕಿದ್ದಾನೆ. ಅವನನ್ನು ಬಿಡಬೇಡ. ನಲವತ್ತನಾಲ್ಕು ವಯಸ್ಸಿನಲ್ಲಿ ನೀನು ಮೊದಲ ಬಾರಿ ಇಷ್ಟು ಉದ್ದದ ಕಾಗದಗಳನ್ನು ಬರೆಯುತ್ತಿದ್ದೀಯ, ಅವುಗಳಲ್ಲಿ ಅರ್ಧ ಅವನ ಹೆಸರೇ ಇರುತ್ತದೆ. ಅಕ್ಕ ಬೇಡವೆಂದರೂ ನೀನೇ ಹೋಗಿ ಅವರ ಅಡುಗೆಮನೆಯಲ್ಲಿ ನಿಲ್ಲು. ಅವನ ತಟ್ಟೆಯ ಎಸಳು ಆರಿಸುವ ಕೆಲಸ ಅವರಿಗೇ ಇರಲಿ, ನಾನು ಕಿತ್ತುಕೊಳ್ಳುವುದಿಲ್ಲ ಎಂದು ಹೇಳು. ಮತ್ತೆ, ದಯವಿಟ್ಟು ಆ ಸಾರನ್ನು ನಿಲ್ಲಿಸು.

ಅಮ್ಮ ಅಪ್ಪ ಎಲ್ಲಿದ್ದರೂ ನಿನ್ನನ್ನು ಹರಸಲಿ. ಮೊಣಕಾಲಿಗೆ ರಾತ್ರಿ ಬಿಸಿ ಬಟ್ಟೆ ಕಟ್ಟಿಕೋ. ಲಿಬೋರಿಯೊ ಅವರಿಗೆ ನನ್ನ ನಮಸ್ಕಾರ, ಜೊತೆಗೆ ನನ್ನ ಮರುಕ.

ನಿನ್ನ ಬಾಯಿಬಡುಕಿ ಅಕ್ಕ,
ನೇಲಿದಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮತ್ತೆ ಬಾಗಿಲು ತಟ್ಟಿದ ಸದ್ದು. ಈ ಸಲ ನಿಜವಾಗಿಯೂ ಮೆಲ್ಚೋರಾ. ಇಷ್ಟು ಹೊತ್ತೂ ಗಲ್ಲಿಯ ತುದಿಯಲ್ಲಿ ಅವರನ್ನು ಬಿಟ್ಟಿರಲಿಲ್ಲವಂತೆ, ಏದುಸಿರು ಬಿಡುತ್ತಿದ್ದಳು. ಮನೆಯಲ್ಲಿ ಒಂದು ಬನ್ನಿಲ್ಲ, ಹಾಲಿಲ್ಲ, ಕೇಕಿನ ಪುಡಿಯೂ ಇಲ್ಲ, ಒಲೆಗೆ ನೀರಿಟ್ಟು ನಿಂತೇ ಗೀಚುತ್ತಿದ್ದೇನೆ, ಅದಕ್ಕೇ ಅಕ್ಷರ ಹೀಗೆ. ಅವಳು ಹೊಸಿಲಲ್ಲಿ ನಿಂತು ಹೇಳಿದ್ದನ್ನು ಹಾಗೆ ಹಾಗೇ ಬರೆಯುತ್ತೇನೆ: ‘ನೇಲಿ, ಬೇಗ ಚಹಾಕ್ಕೆ ನೀರಿಡೇ! ಲೊಂಚೆ ಅಂದ್ರೆ ನಮ್ಮಲ್ಲಿ ಸಂಜೇದು ಅಂತ ಆಯಮ್ಮಂಗೆ ನಾನು ಹೇಳ್ಬಿಟ್ಟೆ. “ಹಂಗಾದ್ರ ಬೀಗರ ಮನಿ ಲೊಂಚೆ ಇನ್ನೂ ಬಾಕಿ ಐತಿ” ಅಂತ ಗಂಡನ್ನ ಎಳ್ಕೊಂಡು ಮೂಲೆ ಅಂಗ್ಡಿಗೆ ಹೋಗಿದಾರೆ, ಬನ್ನು ತರೋಕೆ. ಅಂಗ್ಡೀದು ಪರವಾಗಿಲ್ವಾ ಅಂತ ನಾನು ಕೇಳಿದ್ದಕ್ಕೆ, “ನಮ್ಮ ಹುಡುಗ ಉಳ್ಳಾಗಡ್ಡೀನ ತಿನ್ನಾಕ ಕಲಿತಾನ, ನಾ ಅಂಗಡಿ ಬನ್ನು ತಿನ್ನಾಕ ಕಲಿಯೂದಿಲ್ಲೇನು?” ಅಂದ್ರು.’