ಕಳಂಕವಿಲ್ಲದವರಿಗೆ ಟಿಕೆಟ್ ಇಲ್ಲ

ತೇಲು ಭಟ್ಕಳ
ಹದಿಮೂರನೆಯ ತಿಂಗಳ ಮೂವತ್ತಾರನೆಯ ದಿನ, ೨೪೮೮

ಇನ್ನೂ ನೆಲದ ಮೇಲೆ ಓಡಾಡುತ್ತಿರುವ ಹಿರಿಯರೇ,

ನನ್ನ ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮ ಕನ್ನಡವೂ ನಮಗೆ ಹಾಗೇ ಕೇಳುತ್ತದೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಇಂಥ ಕಾಗದಕ್ಕೆ ನಾವು ಹಿನ್ನೋಲೆ ಅನ್ನುತ್ತೇವೆ. ಜೀವಮಾನಕ್ಕೆ ಒಂದೇ ಬರೆಯಬಹುದು. ನಾನು ಜಟ್ಟಪ್ಪ, ವಯಸ್ಸು ತೊಂಬತ್ತೊಂದು, ನಮ್ಮ ಪಕ್ಷದ ಜರಡಿಯಲ್ಲಿ ನಲವತ್ತು ವರ್ಷದಿಂದ ಕೂತವನು. ಜರಡಿ ಅಂದರೆ ರಾಷ್ಟ್ರಾಧ್ಯಕ್ಷರ ಚುನಾವಣೆಗೆ ಅಭ್ಯರ್ಥಿಯನ್ನು ಆರಿಸುವ ಒಂಬತ್ತು ಜನ. ಈ ಸಲ ನಮ್ಮ ಮುಂದೆ ಬಂದ ಹೆಸರುಗಳಲ್ಲಿ ನನ್ನ ಮೊಮ್ಮಗಳು ಇಳಾಳದೂ ಇದೆ. ಅವಳ ಹಣೆಬರಹಕ್ಕೆ ನನ್ನ ಜೀವವೂ ಗಂಟುಬಿದ್ದಿದೆ.

ಪಕ್ಷದ ಸದಸ್ಯರೂ ಮತ ಹಾಕುತ್ತಾರೆ, ಇಲ್ಲವೆಂದಲ್ಲ. ಪಾಪ, ಬೆಳಗ್ಗೆ ಎದ್ದು ಮಂಜುಬಲೆಯಿಂದ ಕುಡಿಯುವ ನೀರು ಹಿಂಡಿಕೊಂಡು, ಪಾಚಿರೊಟ್ಟಿ ಕಟ್ಟಿಕೊಂಡು, ಮಧ್ಯಾಹ್ನದವರೆಗೆ ದೋಣಿಸಾಲಿನಲ್ಲಿ ಕಾದು, ಬೆರಳಚ್ಚು ಒತ್ತಿದ ಒಂದೊಂದು ಚಿಪ್ಪು ಕೊಟ್ಟು ಹೋಗುತ್ತಾರೆ. ನಾವು ಆ ಚಿಪ್ಪುಗಳ ಮುಂದೆ ಚಪ್ಪಾಳೆ ತಟ್ಟಿ, ಆಮೇಲೆ ಸುಣ್ಣದ ಗೂಡಿಗೆ ಹಾಕಿ ಸುಡುತ್ತೇವೆ. ನಿಜವಾದ ಆಯ್ಕೆ ನಡೆಯುವುದು ಮುಡಿಪಿನಿಂದ. ಅಭ್ಯರ್ಥಿಯಾಗಬೇಕೆಂದವರು ತಾವು ಮಾಡಿದ ಅತಿ ಕೆಟ್ಟ ಕೆಲಸವನ್ನು ಸಾಕ್ಷಿ ಸಮೇತ ಬರೆದು ನಮ್ಮ ಕೈಗೆ ಒಪ್ಪಿಸಬೇಕು. ಯಾರದು ಹೆಚ್ಚು ಹೊಲಸೋ ಅವರಿಗೆ ಟಿಕೆಟ್. ಅಧ್ಯಕ್ಷರ ಮೂಗುದಾರ ನಮ್ಮ ಕೈಯಲ್ಲಿರಬೇಕಲ್ಲ!

ಇಪ್ಪತ್ತೆಂಟು ವರ್ಷದ ಹಿಂದೆ ಕುಸುಮಾವತಿ ಎಂಬ ವೈದ್ಯೆ ಬಂದಳು. ಮುಕ್ಕಾಲು ಪಾಲು ಚಿಪ್ಪು ಅವಳವೇ. ಮುಡಿಪು ಬಿಚ್ಚಿದರೆ, ಚಿಕ್ಕವಳಿದ್ದಾಗ ಪಕ್ಕದ ಮನೆಯ ಒಣಮೀನು ಕದ್ದಿದ್ದಳಂತೆ! ನಕ್ಕು ನಕ್ಕು ನಮ್ಮ ಕಣ್ಣಲ್ಲಿ ನೀರು ಬಂತು. ನಾನೇ ಅವಳನ್ನು ಹೊರಗೆ ಕರೆದು, "ಇಷ್ಟು ಚೊಕ್ಕ ಇದ್ರೆ ಹ್ಯಾಂಗೆ ತಂಗಿ? ಒಂದ್ ವಾರ ಟೈಮ್ ಕೊಡ್ತೆ. ಎಂತಾದ್ರೂ ಮಾಡ್ಕಂಡ್ ಬಾ" ಅಂದೆ.

ಮಾಡಿಕೊಂಡೇ ಬಂದಳು. ಗಡಿಪಡೆಯಿಂದ ತಪ್ಪಿಸಿಕೊಂಡು ಅವಳ ಮನೆಯ ಅಟ್ಟದಲ್ಲಿ ಅಡಗಿದ್ದ ಸ್ವಂತ ತಮ್ಮನನ್ನು ಹಿಡಿದುಕೊಟ್ಟಿದ್ದಳು. ಮೂರೇ ದಿನದಲ್ಲಿ ಅವನಿಗೆ ಗಲ್ಲಾಗಿತ್ತು. ಆದೇಶದ ಪ್ರತಿಯನ್ನೂ ಅಚ್ಚುಕಟ್ಟಾಗಿ ಲಗತ್ತಿಸಿದ್ದಳು. ನಾವು ಓದಿ ಮುಖ ಮುಖ ನೋಡಿಕೊಂಡೆವು. ಕುರ್ಚಿಗಾಗಿ ಒಡಹುಟ್ಟಿದವನನ್ನೇ ಕೊಲ್ಲಿಸಿದವಳು ನಾಳೆ ನಮ್ಮನ್ನು ಬಿಡುತ್ತಾಳೆಯೇ? ಟಿಕೆಟನ್ನು ಕಲಬೆರಕೆ ಔಷಧ ಮಾರಿದ ಒಬ್ಬನಿಗೆ ಕೊಟ್ಟೆವು. ಅವಳ ಸಮಾಧಾನಕ್ಕೆ ಜರಡಿಯಲ್ಲಿ ಒಂದು ಜಾಗ ಕೊಟ್ಟೆವು. ಅವತ್ತು ನಾನು ಹೊಟ್ಟೆ ತುಂಬ ಉಂಡೆ ಎಂಬುದನ್ನು ಮುಚ್ಚಿಡುವುದಿಲ್ಲ.

ಈಗ ಕುಸುಮಾವತಿಯೇ ಜರಡಿಯ ಯಜಮಾನಿ. ನನ್ನ ಇಳಾ ಮಕ್ಕಳಿಗೆ ಈಜು ಕಲಿಸುವವಳು, ಒಂದು ಸುಳ್ಳು ಹೇಳಲೂ ಬಾರದವಳು. ಕಳೆದ ವಾರ ಖಾಲಿ ಹಾಳೆ ಮಡಚಿ ಮುಡಿಪೆಂದು ಕೊಟ್ಟಳು. ಸಂಬಂಧಿ ಎಂದು ನನ್ನನ್ನು ಬಾಗಿಲಾಚೆ ಕೂರಿಸಿದ್ದರು, ಆದರೂ ಕಿವಿಗೆ ಬಿತ್ತು. ಕುಸುಮಾವತಿ ಅವಳ ತಲೆ ನೇವರಿಸಿ, ಅವಳಿಗೂ ಒಂದು ವಾರದ ಗಡುವು ಕೊಟ್ಟು, ಕೇಳಿದಳು: "ಮನೇಲಿ ಮುದುಕ ಇದ್ದ ಅಲ್ದಾ ಮಗಾ?"

ಮನೆಗೆ ಬಂದ ಮೇಲೆ ಇಳಾಳಿಗೆ ಎಲ್ಲ ಹೇಳಿದೆ. ಏನು ಮಾಡಿದರೂ ಟಿಕೆಟ್ ಸಿಗುವುದಿಲ್ಲ, ಆ ಹೆಂಗಸು ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದು ಕೈಮುಗಿದೆ. "ಸಾಯೂಕೆ ಹೆದ್ರಿ ಹೇಳ್ತ್ಯಾ ಅಜ್ಜ" ಅಂದಳು. ಹೆದರಿದ್ದೇನೆ, ನಿಜ. ಆದರೆ ಹೇಳಿದ್ದೂ ನಿಜವೇ.

ಹಿರಿಯರೇ, ನಿಮ್ಮ ಕಾಲದಲ್ಲಿ ಇಂಥ ಕೋಣೆಗಳ ಬಾಗಿಲು ಇನ್ನೂ ಮರದ್ದಂತೆ. ಒದ್ದು ಒಳಗೆ ನುಗ್ಗಿ. ಒಳಗಿರುವವರು ನನ್ನಂಥ ಮುದುಕರೇ, ಒಂದು ಏಟಿಗೂ ತಡೆಯುವುದಿಲ್ಲ. ಕರುಣೆ ತೋರಿಸಬೇಡಿ, ನಮಗೆ ಅದು ಯಾವತ್ತೂ ಇರಲಿಲ್ಲ.

ಇವತ್ತು ಆ ಗಡುವಿನ ಆರನೆಯ ದಿನ. ಇಳಾ ತಾನೇ ಗಂಜಿ ಬೇಯಿಸಿ ತಂದು, ಊದಿ ಆರಿಸಿ, ನನ್ನ ಮುಂದಿಟ್ಟಿದ್ದಾಳೆ. ಅಳುತ್ತಿದ್ದಾಳೆ, ಪಾಪ. ಅಳುತ್ತಲೇ ಬಟ್ಟಲಿನಾಚೆ ಕ್ಯಾಮೆರಾ ನಿಲ್ಲಿಸಿ, ನನ್ನ ಮುಖ ಸರಿಯಾಗಿ ಕಾಣುತ್ತದೆಯೇ ಎಂದು ನೋಡುತ್ತಿದ್ದಾಳೆ.