ಮೊದಲ ಅರಿಷಿಣ

ಮಾಟುಂಗ, ಮುಂಬಯಿ
೪ ಏಪ್ರಿಲ್ ೧೯೭೧

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲ ನೋವು ಹೇಗಿದೆ? ಎಣ್ಣೆ ತಿಕ್ಕಿಕೊಳ್ಳುತ್ತೀಯೋ ಇಲ್ಲವೋ? ನಾನು ಆರಾಮಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಪತ್ರ ಓದಿ ಹೇಳುವ ದಾನಪ್ಪ ಮಾಸ್ತರರೇ, ಒಂದು ಕಡೆ ಕೂಡಲಾರದೆ ಏಳನೇ ಇಯತ್ತೆಗೇ ಶಾಲೆ ಬಿಟ್ಟವಳ ಅಕ್ಷರ ನೋಡಿ ಬೇಕಾದರೆ ನಗಿರಿ, ಆದರೆ ಒಂದು ಸಾಲನ್ನೂ ಬಿಡಬೇಡಿರಿ.

ನಿನ್ನೆ ನನ್ನನ್ನು ಮಾಡಿಕೊಳ್ಳಲಿರುವ ಖಂಡಪ್ಪನ ತಾಯಿ ರುಕ್ಮಿಣಿಬಾಯಿ ಮದುವೆಯ ಮಾತಿಗೆ ಇಲ್ಲಿ ಮಾವನ ಮನೆಗೆ ಬಂದಿದ್ದರು. ಅತ್ತಿ ಅವರ ಮುಂದೆ, "ನಮ್ಮ ನಾದಿನಿಗೆ ಮೈಯಾಗ ಆರಾಮಿಲ್ರಿ, ಮದಿವಿಗೆ ಬರೂದಾಗೂದಿಲ್ಲ" ಅಂದಳು. ನಾನು ಚಹಾದ ಕಪ್ಪು ಕೆಳಗಿಟ್ಟು, "ಅವ್ವ ಗಟ್ಟಿ ಅದಾಳ್ರಿ. ಗಂಡ ಸತ್ತಾಕಿ ಅಂತ ಇವರೇ ಕರದಿಲ್ರಿ" ಅಂದುಬಿಟ್ಟೆ. ಸಾಯಬಣ್ಣ ಮಾವ ಟೋಪಿ ತೆಗೆದು ತಲೆ ಕೆರೆದುಕೊಂಡ. ರುಕ್ಮಿಣಿಬಾಯಿ ಸಿಟ್ಟಾಗಲಿಲ್ಲ. "ಬರಲಿ ಬಿಡವ್ವಾ, ಒಳಗ ಕುಂದರಲಿ. ಅರಿಷಿಣ ಮುತ್ತೈದೇರು ಹಚ್ಚತಾರ" ಅಂದರು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. "ಹಿಂದಿಂದ ನಡಕೊಂಡು ಬಂದದ್ದು" ಅಂದ ಮಾವ. ಅಜ್ಜಿ ಒಳಗೆ ಕೂತಳು, ಅವ್ವ ಕೂತಳು, ನಾಳೆ ನನ್ನ ಪಾಳಿ ಬಂದರೆ ನಾನೂ ಕೂಡಬೇಕೇ ಎಂದು ಕೇಳಿದೆ. ಮದುವೆಯ ಮನೆಯಲ್ಲಿ ಎಂಥ ಮಾತು ಎಂದು ಅತ್ತಿ ಬಾಯಿಗೆ ಸೆರಗು ಒತ್ತಿಕೊಂಡಳು.

ಆಗಿನಿಂದ ಈ ಖೋಲಿಯಲ್ಲಿ ಯಾರೂ ನನ್ನೊಡನೆ ಮಾತಾಡುತ್ತಿಲ್ಲ. ಗ್ಯಾಲರಿಯಲ್ಲಿ ನಿಂತು ಲೋಕಲ್ ನೋಡುತ್ತೇನೆ, ಒಂದೂ ನಮ್ಮೂರ ಕಡೆ ಹೋಗುವುದಿಲ್ಲ. ಚಾಳಿನ ತುಂಬ ಮಂದಿ, ನನ್ನ ತಲೆ ಬಾಚುವವರು ಒಬ್ಬರಿಲ್ಲ.

ಅಕ್ಕನ ಮದುವೆಯಲ್ಲಿ ನೀನು ಕಾಳಿನ ಕೋಣೆಯಲ್ಲಿ ಕೂತು ಸೋಬಾನೆ ಪದಗಳನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದೆ. ನಿನಗೆ ಊಟದ ತಾಟು ತಂದವಳು ನಾನೇ. ಅಕ್ಕ ಅರಿಷಿಣದ ಮೈಯಲ್ಲೇ ನಿನ್ನ ಹತ್ತಿರ ಓಡಿಬಂದಳು. ಯಾರೂ ತಡೆಯಲಿಲ್ಲ ಅವ್ವಾ, ನೀನೇ ಕೈ ಹಿಂದೆ ತೆಗೆದುಕೊಂಡೆ. "ನನ್ನ ಕೈ ಬ್ಯಾಡ, ನಿನಗ ಕೆಟ್ಟ ಆದೀತು" ಅಂದೆ. ಈಗ ನನಗಿರುವ ಹೆದರಿಕೆ ಅದೊಂದೇ.

ಹಿರಿಯರಿಗೆ ನಮಸ್ಕಾರ, ಅಕ್ಕನ ಮಕ್ಕಳಿಗೆ ಮುತ್ತು. ಕಾಲು ಜೋಪಾನ.

ನಿನ್ನ ಹಟಮಾರಿ ಮಗಳು,
ಭಾಗಿ

ತಾ. ಕ.: ಅಕ್ಷಯ ತದಿಗೆಯ ಹಿಂದಿನ ದಿನ ಅರಿಷಿಣ. ಅಂದು ಮುಂಜಾನೆಯ ಗಾಡಿಗೆ ದಾದರ ಸ್ಟೇಷನ್ನಿನಲ್ಲಿ ಒಬ್ಬಳೇ ನಿಂತಿರುತ್ತೇನೆ. ಸೆರಗಿನಲ್ಲಿ ಒಂದು ಚಿಟಿಕೆ ಅರಿಷಿಣ ಕಟ್ಟಿಕೊಂಡು ಬಾ. ಮುತ್ತೈದೆಯರಿಗಿಂತ ಮೊದಲು, ಪ್ಲಾಟ್‌ಫಾರ್ಮಿನ ಮೇಲೆಯೇ ನನ್ನ ಕೆನ್ನೆಗೆ ಹಚ್ಚು. ತೊಳೆಯದೆ ಮನೆಗೆ ಹೋಗುತ್ತೇನೆ, ಯಾರು ಹಚ್ಚಿದರೆಂದು ಕೇಳಿದರೆ ಹೇಳಿಬಿಡುತ್ತೇನೆ. ಕೈ ಹಿಂದೆ ತೆಗೆದುಕೊಳ್ಳಬೇಡ ಅವ್ವಾ.