ನಾಕಾ ಕಂಡವರ ಕಡಸು

ಒಡೆಯರಾದ ಮೊಖೇತಿಯವರಿಗೆ, ಸೆಬಿಲಿ ಮಾಡುವ ನಮಸ್ಕಾರ.

ಚಳಿಗಾಲದ ನಾಕಾ ನಕ್ಷತ್ರವನ್ನು ಮೊದಲು ಕಂಡು ಕೂಗಿದವರಿಗೆ ಊರೊಡೆಯರು ಕಡಸು ಕೊಡುವ ಪದ್ಧತಿಯನ್ನು ನಮಗೆ ಮೊದಲು ಹೇಳಿದವಳು ನನ್ನಜ್ಜಿ, ದೊಡ್ಡ ಹಿಮ ಬಿದ್ದ ವರ್ಷ. ಈ ಸಲ ಕೂಗಿದವನು ನಾನು. ಕಡಸು ನನ್ನ ದೊಡ್ಡಿಗೆ ಬಂತು.

ದಯವಿಟ್ಟು ಅದನ್ನು ಹಿಂದಕ್ಕೆ ತೆಗೆದುಕೊಳ್ಳಿ. ಮೊಮ್ಮಗಳು ಲಿತೆಬೋಹೊ ಅದೇ ಹೊತ್ತಿಗೆ ಆಕಾಶದ ಫೋಟೊ ತೆಗೆದಿದ್ದಳು. ನಾನು ಬೆರಳು ತೋರಿದಲ್ಲಿ ಇದ್ದದ್ದು ಎದುರು ಗುಡ್ಡದ ಕುರಿಗಾಹಿಗಳ ಬೆಂಕಿ. ನನಗೆ ನೋವಾದೀತೆಂದು ಫೋಟೊ ಬಚ್ಚಿಟ್ಟಿದ್ದಳು, ಅವಳನ್ನು ಬೈಯಬೇಡಿ.

“ನಾಕಾದ ಬೆಳಕು ಅಲ್ಲಿಂದ ಹೊರಟು ಮುನ್ನೂರು ವರ್ಷ ಆಯ್ತಜ್ಜ. ಎರಡು ದಿನ ಹಿಂದೆಮುಂದೆ ಆದ್ರೆ ಅದಕ್ಕೇನಂತೆ?” ಎಂದಳು.

“ಅದಕ್ಕೇನಿಲ್ಲ ಕಣೇ. ಇಲ್ಲಿ ಒಡೆಯರ ದೊಡ್ಡೀಲಿ ಕಡಸಿನ ತಾಯಿ ಕೂಗ್ತಿದೆಯಲ್ಲ!” ಎಂದೆ.

ನಾನು ಕಂಡದ್ದು ಬೆಂಕಿಯೆಂದು ನಿನ್ನೆ ಸಂಜೆ ಊರವರಿಗೂ ಹೇಳಿದೆ. ಎಲ್ಲರೂ ನಕ್ಕರು. ಇಂದು ನಸುಕಿನಲ್ಲಿ ನಾಕಾ ನೋಡಲು ಮತ್ತೆ ಗುಡ್ಡ ಹತ್ತಿದರು. ಲಿತೆಬೋಹೊ ಕೂಗಿದಳು, ಕಡಸು ನ್ಯಾಯವಾಗಿ ಅವಳದು, ನೀವೇ ಅವಳ ಕೈಗೆ ಒಪ್ಪಿಸಿ. ಬರುವ ವರ್ಷದಿಂದ ನನಗೆ ಅಲ್ಲಿ ನಕ್ಷತ್ರ ನೋಡುವ ಬದಲು ಬೆಂಕಿ ಉರಿಸುವ ಕೆಲಸ ಕೊಡಿ.

ಕೂಗಿದ ಮೇಲೆ ಅವಳು ನನ್ನ ಗಲ್ಲ ಹಿಡಿದು ಆ ಕಡೆ ತಿರುಗಿಸಿ, “ಕಾಣ್ತಾ ಅಜ್ಜ?” ಎಂದಳು.

“ಕಾಣ್ತು,” ಎಂದೆ.

ಒಡೆಯರೇ, ಈ ಒಂದು ಮಾತನ್ನು ಮಾತ್ರ ಅವಳೆದುರು ತಿದ್ದಬೇಡಿ.

ಇಂತಿ ನಿಮ್ಮ ಗುಡ್ಡದ ಕಾವಲಿನವನು,
ಸೆಬಿಲಿ